ತಂತಿಯ ಕೆಳಗೆ (ಕಂತು ಏಳು): ಅಂಗೈಯ ಬರೆ

ಮೀಟರಮ್ಮ ಕ್ರೇನಿನ ಮೆಟ್ಟಿಲ ಪಕ್ಕದ ಸರಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಳು, ಬಿಟ್ಟಳು, ಅಂಗೈ ಅಗಲಿಸಿ ನೋಡಿಕೊಂಡಳು. ಇದಲ್ಲ.

ಕೊಕ್ಕೆ ಹಿಡಿದಳು. ಇದೂ ಅಲ್ಲ. ಉಕ್ಕಿನ ಹಗ್ಗ, ಕ್ಯಾಬಿನ್ ಬಾಗಿಲ ಹಿಡಿ, ನೆಲಕ್ಕೆ ಊರಿ ನಿಂತಿದ್ದ ಜಾಕಿ ಕಾಲುಗಳು, ಯಾವುದನ್ನೂ ಬಿಡಲಿಲ್ಲ. ಐವತ್ತು ದಾಟಿದ, ಮಂಡಿನೋವಿನ ಹೆಂಗಸು. ಆದರೂ ಚಕ್ರದ ಅಡಿಗೆ ಬಗ್ಗಿ ಅಲ್ಲಿದ್ದ ಕಬ್ಬಿಣವನ್ನೂ ಒಂದು ಸಲ ಹಿಡಿದು ನೋಡಿ, ಯಾರನ್ನೋ ಬೈದುಕೊಳ್ಳುತ್ತಾ ಎದ್ದಳು.

"ಮೇಡಂ, ಕ್ರೇನ್ ಹತ್ರ ಕೈ ತೋರಿಸಿ ಭವಿಷ್ಯ ಕೇಳ್ತಿದ್ದೀರಾ?" ಎಂದ ಸಬ್-ಇನ್ಸ್‌ಪೆಕ್ಟರ್.

"ನನ್ನದಲ್ಲ, ನಿಮ್ಮದು. ಆಪರೇಟರನ್ನ ಕೊಲೆಗಾರ ಅಂತ ಒಪ್ಪಿಸಿಬಿಟ್ಟು ಆಮೇಲೆ ನಾಲಿಗೆ ಕಚ್ಕೋತೀರೋ ಇಲ್ವೋ ಅಂತ ನೋಡ್ತಿದ್ದೀನಿ."

ಅವಳು ಸರ್ಕಾರದ ವಿದ್ಯುತ್ ಪರಿವೀಕ್ಷಕಿ. ಕರೆಂಟು ಹೊಡೆದು ಯಾರೇ ಸತ್ತರೂ ಅವಳು ಬರಲೇಬೇಕು. ಕೈಯಲ್ಲಿ ಸದಾ ಉದ್ದನೆಯ ಟೆಸ್ಟರ್ ಕೋಲು, ಹೆಗಲಲ್ಲಿ ಮೀಟರಿನ ಪೆಟ್ಟಿಗೆ. ಹಾಗಾಗಿ ಕೆಲಸಗಾರರ ಬಾಯಲ್ಲಿ ಅವಳು ಮೀಟರಮ್ಮ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೆನ್ನ ಹಿಂದೆ ಇದಕ್ಕಿಂತ ಕೆಟ್ಟ ಹೆಸರುಗಳನ್ನು ಸಂಪಾದಿಸಿದ್ದವಳಾದ್ದರಿಂದ ಬೇಜಾರೇನೂ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ಈ ಕ್ರೇನಿನ ಉದ್ದನೆಯ ತೋಳು, ಅಂದರೆ ಬೂಮು, ಮೇಲಿನ ಹೈಟೆನ್ಷನ್ ತಂತಿಗೆ ತಗುಲಿ, ನೆಲದ ಮೇಲೆ ನಿಂತು ಆಪರೇಟರಿಗೆ ಕೈಸನ್ನೆ ಕೊಡುವವನು ಸತ್ತಿದ್ದ. ಬೂಮು ಇನ್ನೂ ತಂತಿಗೆ ಒರಗಿಕೊಂಡೇ ಇತ್ತು. ಲೈನ್ ಆಫ್ ಇದೆಯೆಂದು ಖಾತ್ರಿ ಮಾಡಿಕೊಂಡು, ಎರಡೂ ಕಡೆ ಅರ್ಥಿಂಗ್ ಹಾಕಿಸಿ, ತಾನೇ ಟೆಸ್ಟರ್ ಹಿಡಿದು ಪರೀಕ್ಷಿಸಿದ ಮೇಲೆಯೇ ಅವಳು ಒಬ್ಬೊಬ್ಬರನ್ನಾಗಿ ಹತ್ತಿರ ಬಿಟ್ಟಿದ್ದಳು.

ಸತ್ತವನು ಆಪರೇಟರನ ಅಕ್ಕನ ಗಂಡ. ಆಪರೇಟರ್ ಕೂಗುವುದನ್ನೇ ಕೇಳಿ ಕೇಳಿ ಇಡೀ ಸೈಟಿಗೇ ಅವನು 'ಭಾವ' ಆಗಿಬಿಟ್ಟಿದ್ದ. ಬೇಸಿಗೆಯಿಂದ ಈಚೆಗೆ ಆಪರೇಟರ್ ಒಬ್ಬ ಮಾತ್ರ ಹಾಗೆ ಕೂಗುವುದನ್ನು ಬಿಟ್ಟಿದ್ದ. ಅನುಮತಿ ಇಲ್ಲದೆ ತಂತಿಯ ಪಕ್ಕದಲ್ಲೇ ಭಾರ ಎತ್ತಿದನೆಂದು ಭಾವನೇ ದೂರು ಕೊಟ್ಟು ಭಾವಮೈದುನನನ್ನು ಕೆಲಸದಿಂದ ಕೆಲಕಾಲ ಮನೆಗೆ ಕಳಿಸಿದ್ದ. ಅವತ್ತೇ ಮಾತು ಬಂದ್. ವಾಪಸ್ಸು ಬಂದ ಮೇಲೂ ಅದೇ ಕ್ರೇನು, ಅದೇ ಜೊತೆ. ಒಬ್ಬ ಮೇಲೆ ಕ್ಯಾಬಿನ್ನಿನಲ್ಲಿ, ಇನ್ನೊಬ್ಬ ಕೆಳಗೆ ಮಣ್ಣಲ್ಲಿ, ಬೆಳಗಿನಿಂದ ಸಂಜೆಯವರೆಗೂ ಬರೀ ಕೈಸನ್ನೆಯ ವ್ಯವಹಾರ. ಆದರೂ ಒಂದು ದಿನಕ್ಕೂ ಒಂದು ಇಟ್ಟಿಗೆ ಸಹ ಉದುರಿಸಿರಲಿಲ್ಲ. ಮಾತಿಲ್ಲದಿದ್ದರೆ ಸಂಸಾರ ಎಷ್ಟು ಚೆನ್ನಾಗಿ ನಡೆಯುತ್ತದೆ ನೋಡಿ ಎಂದು ಮದುವೆಯಾದವರೆಲ್ಲ ತಮಾಷೆ ಮಾಡುತ್ತಿದ್ದರು.

"ಇನ್ನೇನು ಬೇಕು ಮೇಡಂ?" ಸಬ್-ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ. "ದ್ವೇಷ ಇತ್ತು. ಸನ್ನೆ ಇಲ್ದೇ ಬೂಮ್ ಎತ್ತಿದ. ಭಾವ ತಡೆಯೋಕೆ ಓಡಿಬಂದು ಕ್ರೇನ್ ಮುಟ್ಟಿದ, ಸತ್ತ. ಸೂಪರ್‌ವೈಸರ್ ಕಣ್ಣಾರೆ ಕಂಡಿದ್ದಾನೆ. ಆಪರೇಟರ್ ಬಾಯಿಗೆ ಬೀಗ ಹಾಕ್ಕೊಂಡು ಆ ಶೆಡ್ಡಲ್ಲಿ ಕೂತಿದ್ದಾನೆ. ಮಹಜರು ಮುಗಿದ ಕೂಡ್ಲೆ, ಕೋರ್ಟ್ ಮುಚ್ಚೋದ್ರೊಳಗೆ ಹಾಜರುಪಡಿಸಬೇಕು."

ಮೀಟರಮ್ಮ ಗೇಟಿನ ಕಡೆ ನೋಡಿದಳು. ಅಲ್ಲಿ ಟಾರ್ಪಾಲಿನ ನೆರಳಲ್ಲಿ ಆಪರೇಟರನ ಅಕ್ಕ ಬಟ್ಟೆಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡ ಶವಾಗಾರದಲ್ಲಿ, ತಮ್ಮ ಪೊಲೀಸರ ಕೈಯಲ್ಲಿ. ಯಾರಿಗಾಗಿ ಅಳಬೇಕು, ಯಾರಿಗೆ ಶಾಪ ಹಾಕಬೇಕು ಎಂದು ತಿಳಿಯದೆ ಎರಡನ್ನೂ ಬಿಟ್ಟು ಕೂತಂತಿತ್ತು. ಸಂಜೆಯೊಳಗೆ ಸತ್ಯ ಸಿಗದಿದ್ದರೆ ಆ ಹೆಂಗಸು, ನನ್ನ ಗಂಡನನ್ನು ಒಡಹುಟ್ಟಿದವನೇ ಕೊಂದ ಎಂದು ನಂಬಿಕೊಂಡೇ ಮಿಕ್ಕ ಬದುಕು ಕಳೆಯಬೇಕು. ಮೀಟರಮ್ಮನಿಗೆ ಕೋರ್ಟಿಗಿಂತ ಆ ಚಿಂತೆಯೇ ಹೆಚ್ಚಾಗಿತ್ತು.

"ಟೀ ತಗೊಳ್ಳಿ ಮೇಡಂ."

ಫ್ಲಾಸ್ಕ್ ಹಿಡಿದು ಬಂದವನು ಇದೇ ಕ್ರೇನನ್ನು ರಾತ್ರಿ ಪಾಳಿಯಲ್ಲಿ ನಡೆಸುವವನು. ಒಂದೇ ಯಂತ್ರ ಹಂಚಿಕೊಂಡ ಇಬ್ಬರು ಆಪರೇಟರುಗಳಲ್ಲಿ ಇವನನ್ನು ಸೈಟಿನವರು 'ಜೋಡಿ' ಅನ್ನುತ್ತಿದ್ದರು. ಎರಡು ದಿನದಿಂದ ಮನೆಗೂ ಹೋಗದೆ ಅಕ್ಕನಿಗೆ ನೀರು, ಪೊಲೀಸರಿಗೆ ಟೀ, ಎಲ್ಲರಿಗೂ ಸಮಾಧಾನ ಹೇಳಿಕೊಂಡು ಓಡಾಡುತ್ತಿದ್ದ. ಭಾವ, ಭಾವಮೈದುನರ ಜಗಳದ ಕಥೆಯನ್ನು ಕಣ್ಣೊರೆಸಿಕೊಳ್ಳುತ್ತಾ ಪೊಲೀಸರಿಗೆ ಹೇಳಿದ್ದೂ ಅವನೇ.

ಅವನೂ ಒಂದು ಲೋಟ ಬಗ್ಗಿಸಿಕೊಂಡ. ಹಿಡಿದ ಕೈಯ ಕಿರುಬೆರಳು ನೆಟ್ಟಗೆ ಆಚೆ ನಿಂತಿತ್ತು.

"ಏನಪ್ಪಾ, ಕಿರುಬೆರಳು ಎತ್ಕೊಂಡು ಟೀ ಕುಡೀತೀಯ. ಭಾರೀ ದೊಡ್ಡಮನುಷ್ಯರ ಸಹವಾಸ ಆಗಿದೆ ಅನ್ಸುತ್ತೆ."

"ಎಲ್ಲಿಂದ ಬರ್ಬೇಕು ಮೇಡಂ!" ಅವನು ನಕ್ಕ. "ಕ್ರೇನ್ ಹಗ್ಗಕ್ಕೆ ಸಿಕ್ಕಿ ಮುರಿದಿದ್ದು. ಆವತ್ತಿಂದ ಮಡಚೋದೇ ಇಲ್ಲ."

ಅವನು ಹೋದ ಮೇಲೆ ಮೀಟರಮ್ಮ ತನ್ನ ಬಲ ಅಂಗೈಯನ್ನು ಸಬ್-ಇನ್ಸ್‌ಪೆಕ್ಟರನ ಮೂಗಿನ ಹತ್ತಿರ ಹಿಡಿದಳು. ನೀಲಿ ಶಾಯಿಯಲ್ಲಿ ಎಳೆದ ಒಂದು ದಪ್ಪ ಗೀಟು. ತೋರುಬೆರಳ ಬುಡದಿಂದ ಓರೆಯಾಗಿ ಮಣಿಕಟ್ಟಿನತ್ತ ಇಳಿದು, ಕೊನೆಯಲ್ಲಿ ಒಂದು ದುಂಡನೆಯ ಚುಕ್ಕೆ.

"ಬೆಳಿಗ್ಗೆ ಶವಾಗಾರದಲ್ಲಿ ಅವನ ಕೈ ನೋಡ್ಕೊಂಡು ನನ್ನ ಕೈ ಮೇಲೆ ಬರ್ಕೊಂಡೆ. ಕರೆಂಟು ಒಳಗೆ ನುಗ್ಗಿದ ಜಾಗದಲ್ಲಿ ಸುಟ್ಟು ಬರೆ ಬಿದ್ದಿರುತ್ತೆ. ಏನು ಹಿಡಿದಿದ್ನೋ ಅದರದ್ದೇ ಅಚ್ಚು. ಬೆರಳು ಗಾತ್ರದ ನೇರ ಕಂಬಿ, ತುದೀಲಿ ಒಂದು ಗುಂಡು. ಈ ಇಡೀ ಕ್ರೇನಲ್ಲಿ ಅಂಥದ್ದು ಒಂದಿದ್ರೆ ತೋರಿಸಿ, ನಾನು ಈಗ್ಲೇ ನಿಮ್ಮ ಮಹಜರಿಗೆ ಸಹಿ ಹಾಕ್ತೀನಿ."

ಸಬ್-ಇನ್ಸ್‌ಪೆಕ್ಟರ್ ಕ್ರೇನನ್ನು ಮೇಲಿಂದ ಕೆಳಗೆ ನೋಡಿದ.

"ಅಂದ್ರೆ ಅವನು ಕ್ರೇನ್ ಮುಟ್ಟೇ ಇಲ್ಲ ಅಂತೀರಾ?"

"ಅವನು ಮುಟ್ಟೋ ಪೈಕಿಯೇ ಅಲ್ಲ. ಬೂಮು ತಂತಿಗೆ ತಗುಲಿದ್ರೆ ಕ್ರೇನಿನ ಹತ್ರ ಸುಳೀಬೇಡಿ ಅಂತ ಇಡೀ ಸೈಟಿಗೆ ಬಡ್ಕೊಂಡು ಬಡ್ಕೊಂಡು ಹೇಳ್ಕೊಟ್ಟವನು. ಅಂಥವನು ಓಡಿಬಂದು ತಬ್ಕೋತಾನಾ?"

ಕ್ರೇನಿನ ಪಕ್ಕದಲ್ಲಿ ನೆಲಕ್ಕೆ ಹೊಡೆದ ಅರ್ಥಿಂಗ್ ಸಲಾಕೆಯೊಂದಿತ್ತು. ಕ್ರೇನಿನ ಮೈಗೆ ಎಲ್ಲಿಂದಲಾದರೂ ಕರೆಂಟು ಬಂದರೆ ಭೂಮಿಗೆ ಇಳಿದುಹೋಗಲಿ ಎಂದು ವೈರು ಕಟ್ಟುವ ಸಲಾಕೆ. ಮೀಟರಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಮಡಿಯಿಂದ ಮೂಲಂಗಿ ಕಿತ್ತಂತೆ ಸಲೀಸಾಗಿ ಬಂತು. ಅಡಿಯಲ್ಲಿ ಒಂದು ಗೇಣಿಗಿಂತ ಕಡಿಮೆ ಮಣ್ಣು, ಅದರ ಕೆಳಗೆ ಬರೀ ಬಂಡೆ.

"ಇದನ್ನ ಹೊಡೆದಿಲ್ಲ, ಸುಮ್ನೆ ಚುಚ್ಚಿದ್ದಾರೆ," ಎಂದಳು. "ಅದೂ ಆಮೇಲೆ. ಮಣ್ಣಿನ್ನೂ ಸಡಿಲ ಇದೆ. ಹಾಗಾದ್ರೆ ಮೊನ್ನೆ ಬೆಳಿಗ್ಗೆ ಈ ವೈರಿನ ಇನ್ನೊಂದು ತುದಿ ಎಲ್ಲಿತ್ತು?"

ಉತ್ತರಕ್ಕೆ ಕಾಯದೆ ವೈರಿನ ಸುರುಳಿ ಬಿಚ್ಚಿ ಎಳೆದುಕೊಂಡು ಹೊರಟಳು. ಕ್ರೇನಿನ ಹಿಂಭಾಗ ದಾಟಿ, ಇಟ್ಟಿಗೆ ರಾಶಿ ದಾಟಿ, ಸೈಟಿನ ಸುತ್ತ ಹಾಕಿದ್ದ ತಗಡಿನ ಬೇಲಿಯವರೆಗೂ ವೈರು ಬಂತು. ಅಕ್ಕ ಕೂತಿದ್ದ ಕಡೆಯ ಅದೇ ಕಬ್ಬಿಣದ ಗೇಟಿನ ಹತ್ತಿರ ನಿಂತಿತು.

ಗೇಟಿನ ಕಂಬಕ್ಕೆ ಹಸಿರು ಬಣ್ಣ ಬಳಿದಿದ್ದರು. ಮೊಣಕಾಲಿನ ಎತ್ತರದಲ್ಲಿ ಬಣ್ಣ ಕಿತ್ತು, ಹಲ್ಲಿನ ಗುರುತಿನಂಥ ಸಣ್ಣ ಸಣ್ಣ ಗಾಯಗಳಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಮೀಟರಮ್ಮ ವೈರಿನ ತುದಿಯ ಕ್ಲಾಂಪನ್ನು ಅದರ ಮೇಲಿಟ್ಟಳು. ಹಲ್ಲಿಗೆ ಹಲ್ಲು ಕೂತಿತು.

ಆಮೇಲೆ ಅವಳು ಎದ್ದು ನಿಂತು ಗೇಟಿನ ಅಗುಳಿಯನ್ನು ಹಿಡಿದಳು. ಬೆರಳು ಗಾತ್ರದ ನೇರ ಕಂಬಿ. ತುದಿಯಲ್ಲಿ ಎಳೆಯಲು ಒಂದು ಗುಂಡು. ನೀಲಿ ಗೀಟಿನ ಮೇಲೆ ಗೆರೆ ತಪ್ಪದಂತೆ ಬಂದು ಕೂತಿತು.

ಎಲ್ಲರಿಗೂ ದೂರ ನಿಲ್ಲಿ, ದೂರ ನಿಲ್ಲಿ ಎನ್ನುತ್ತಿದ್ದವನು ದೂರವೇ ನಿಂತಿದ್ದ. ಕ್ರೇನಿನಲ್ಲಿದ್ದ ಸಾವನ್ನು ಯಾರೋ ವೈರು ಕಟ್ಟಿ ಇಲ್ಲಿಯವರೆಗೂ ತಂದುಕೊಟ್ಟಿದ್ದರು.

"ಸೂಪರ್‌ವೈಸರನ್ನ ಕರೀರಿ," ಎಂದಳು.

ಬಿಳಿ ಹೆಲ್ಮೆಟ್ಟಿನ ಸೂಪರ್‌ವೈಸರ್ ಬೆವರೊರೆಸಿಕೊಳ್ಳುತ್ತಾ ಬಂದ. ಮಾತಿಗೆ ಮುಂಚೆ ನಗುವ ಅಭ್ಯಾಸ ಅವನಿಗೆ.

"ಏನ್ ಮೇಡಂ, ಎಲ್ಲಾ ಮುಗೀತಾ?"

"ಮುಗಿಯೋಕೆ ಬಂತು. ಆ ಗೇಟು ಸ್ವಲ್ಪ ಹಾಕಪ್ಪ, ಧೂಳು ಬರ್ತಿದೆ."

ಅವನು ಗೇಟನ್ನು ಬೂಟುಗಾಲಿನಿಂದ ತಳ್ಳಿದ. ಅದು ಬಡಿದು ಮತ್ತೆ ತೆರೆದುಕೊಂಡಿತು.

"ಅಗುಳಿ ಹಾಕು."

"ಪರವಾಗಿಲ್ಲ ಬಿಡಿ ಮೇಡಂ, ಲಾರಿಗಳು ಬರ್ತಿರ್ತವೆ..."

"ಲೈನ್ ಆಫ್ ಇದೆ. ನಾನೇ ನೋಡಿದ್ದೀನಿ. ಹೆದರ್ಕೋಬೇಡ, ಕೈಯಲ್ಲೇ ಹಾಕು."

ಅವನ ಮುಖದ ನಗು ಅಲ್ಲೇ ಒಣಗಿತು. ಕೈ ಮುಂದೆ ಹೋಯಿತು, ಅಗುಳಿಯ ಹತ್ತಿರ ನಿಂತಿತು, ಹಿಂದೆ ಬಂತು.

"ನಾನು ಇಲ್ಲಿಗೆ ಬಂದಾಗಿಂದ ನೋಡ್ತಿದ್ದೀನಿ," ಎಂದಳು ಮೀಟರಮ್ಮ. "ಬಂದಾಗ ಕಾಲು, ಹೋದಾಗ ಕಾಲು. ಈ ಸೈಟಲ್ಲಿ ಗೇಟನ್ನ ಒದ್ದು ಓಡಾಡೋನು ನೀನೊಬ್ನೇ. ಯಾಕಪ್ಪಾ?"

ಅವಳು ಅಂಗೈ ತೆರೆದು ತೋರಿಸಿದಳು. ಆಮೇಲೆ ಕಂಬದ ಗಾಯ ತೋರಿಸಿದಳು. ಕೊನೆಗೆ ಕೈಯಲ್ಲಿದ್ದ ಕ್ಲಾಂಪನ್ನು ಅವನ ಎದುರು ಹಿಡಿದಳು.

"ಇದನ್ನ ಇಲ್ಲಿ ಕಚ್ಚಿಸಿದ್ದು ಯಾರು?"

ಸೂಪರ್‌ವೈಸರ್ ಅಲ್ಲೇ ಇಟ್ಟಿಗೆಗಳ ಮೇಲೆ ಕುಸಿದು ಕೂತ.

"ನಾನೇ ಮೇಡಂ. ಬಂಡೆಗೆ ಸಲಾಕೆ ಇಳೀಲೇ ಇಲ್ಲ. ಹೊಡೆದೂ ಹೊಡೆದೂ ಸುತ್ತಿಗೆ ಹಿಡಿಯೇ ಮುರೀತು. ಬೇಲಿ ಕಂಬ ಹೇಗಿದ್ರೂ ನೆಲದಲ್ಲೇ ಹೂತಿದೆಯಲ್ಲ, ಅದಕ್ಕೇ ಕಟ್ಟಿದ್ರಾಯ್ತು ಅನ್ಕೊಂಡೆ. ಕೆಟ್ಟದ್ದು ಬಯಸಿ ಮಾಡ್ಲಿಲ್ಲ, ನನ್ನ ಮಕ್ಕಳಾಣೆ."

"ಅದೇ ಬಂಡೇಲಿ ಕಂಬ ಎಷ್ಟು ಹೂತಿರುತ್ತೆ ಅಂತ ಯೋಚ್ನೆ ಬರ್ಲಿಲ್ಲ. ಕರೆಂಟು ಭೂಮಿಗೆ ಇಳೀಲಿಲ್ಲ, ಲೈನೂ ಟ್ರಿಪ್ ಆಗ್ಲಿಲ್ಲ. ಇಡೀ ಬೇಲಿ ಹಾವಿನ ಥರ ಹೆಡೆಯೆತ್ತಿ ಕೂತಿತ್ತು. ಅವನು ಬಂದು ಗೇಟಿಗೆ ಕೈ ಹಾಕ್ದ."

"ಹೂಂ." ಧ್ವನಿ ಕೇಳಿಸಲೇ ಇಲ್ಲ. "ಕಿರುಚಾಟ ಕೇಳಿ ನಾನು ಶೆಡ್ಡಿಂದ ಓಡಿಬಂದೆ. ಲೈನ್ ಆಫ್ ಮಾಡ್ಸೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಜನ ಮುಂದ್ಗಡೆ ಆಪರೇಟರನ್ನ ಇಳಿಸ್ಕೋತಿದ್ರು. ಹಿಂದ್ಗಡೆ ಈ ಗೇಟಿನ ಹತ್ರ ಯಾರೂ ಇರ್ಲಿಲ್ಲ. ಭಾವ ಇಲ್ಲೇ ಗೇಟಿನಾಚೆ ಬಿದ್ದಿದ್ದ. ನನ್ನ ಕೆಲಸ, ಜೈಲು, ಎಲ್ಲಾ ಒಟ್ಟಿಗೆ ಕಣ್ಣಮುಂದೆ ಬಂತು. ವೈರು ಕಿತ್ತೆ. ಅವನನ್ನ ಎಳ್ಕೊಂಡು ಹೋಗಿ ಕ್ರೇನಿನ ಚಕ್ರದ ಹತ್ರ ಮಲಗಿಸ್ದೆ."

"ಆಮೇಲೆ ಕಣ್ಣಾರೆ ಕಂಡೆ ಅಂತ ನನ್ನ ಹತ್ರ ಹೇಳಿಕೆ ಕೊಟ್ಟೆ!" ಸಬ್-ಇನ್ಸ್‌ಪೆಕ್ಟರ್ ಕೆಂಡವಾದ. "ಸನ್ನೆ ಇಲ್ದೇ ಬೂಮ್ ಎತ್ತಿದ ಅಂದ್ಯಲ್ಲೋ!"

"ನಾನು ನೋಡ್ಲಿಲ್ಲ ಸಾರ್. ಜಗಳದ ವಿಷ್ಯ ಎಲ್ರಿಗೂ ಗೊತ್ತಿತ್ತು. ಜನ ನಂಬ್ತಾರೆ ಅಂತ ಹಾಗಂದೆ."

ಮೀಟರಮ್ಮನಿಗೆ ಅವನ ಕಪಾಳಕ್ಕೆ ಎರಡು ಬಿಗಿಯಬೇಕೆನ್ನಿಸಿತು. ತಡೆದುಕೊಂಡಳು.

"ಒಂದು ನಿಮಿಷ," ಎಂದ ಸಬ್-ಇನ್ಸ್‌ಪೆಕ್ಟರ್, "ಅವನು ಗೇಟಿನ ಹೊರಗಿದ್ದ ಅಂದ್ರೆ, ಕೆಲಸದ ಹೊತ್ತಲ್ಲಿ ಅಲ್ಲೇನು ಮಾಡ್ತಿದ್ದ?"

"ನನಗೆ ಕಾಯ್ತಿದ್ರು."

ಅಕ್ಕ ಯಾವಾಗಲೋ ಎದ್ದು ಬಂದು ಅವರ ಹಿಂದೆ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚೀಲದಿಂದ ಅವಳು ತೆಗೆದದ್ದು ಒಂದು ಕಿತ್ತಳೆ ಜಾಕೆಟ್ಟು, ಎದೆಯ ಮೇಲೆ ಹೊಳೆಯುವ ಬಿಳಿ ಪಟ್ಟಿಯದು. ಸನ್ನೆ ಕೊಡುವವರು ಹಾಕುವಂಥದ್ದು. ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

"ರಾತ್ರಿ ಒಗೆದು ಹಾಕಿದ್ದೆ. ಬೆಳಿಗ್ಗೆ ಒಣಗಿರ್ಲಿಲ್ಲ. ಜಾಕೆಟ್ ಇಲ್ದೆ ಕ್ರೇನ್ ಮುಂದೆ ನಿಲ್ಲಂಗಿಲ್ಲ, ನೀನು ತಂದ್ಕೊಡು, ಅಲ್ಲಿವರೆಗೂ ಕ್ರೇನ್ ಅಲ್ಲಾಡಲ್ಲ, ಗೇಟಲ್ಲೇ ಕಾಯ್ತಿರ್ತೀನಿ ಅಂದ್ರು. ನಾನು ಇಸ್ತ್ರಿ ಹಾಕಿ ಒಣಗಿಸ್ತಾ ಕೂತೆ. ತಡ ಆಯ್ತು." ಅವಳು ಜಾಕೆಟ್ಟಿನ ಮಡಿಕೆ ಸವರಿದಳು. "ಒದ್ದೆಯಾಗೇ ತಂದ್ಕೊಟ್ಟಿದ್ರೆ ಆಗ್ತಿತ್ತು, ಅಲ್ವಾ ಮೇಡಂ?"

ಮೀಟರಮ್ಮ ಅವಳ ಭುಜ ಹಿಡಿದುಕೊಂಡಳು, ಅಷ್ಟೇ.

"ಆದ್ರೆ ಹೆಣದ ಮೇಲೆ ಜಾಕೆಟ್ ಇತ್ತಲ್ಲ!" ಎಂದ ಸಬ್-ಇನ್ಸ್‌ಪೆಕ್ಟರ್.

ಎಲ್ಲರೂ ಸೂಪರ್‌ವೈಸರನ ಕಡೆ ತಿರುಗಿದರು.

"ಅದು ಕ್ರೇನಿನ ಹತ್ರ ಬಿದ್ದಿತ್ತು ಸಾರ್. ಅವನದ್ದೇ ಅನ್ಕೊಂಡು ನಾನೇ ತೊಡಿಸ್ದೆ."

ಮೀಟರಮ್ಮನ ಕೈ ಅಕ್ಕನ ಭುಜದ ಮೇಲೆಯೇ ನಿಂತುಬಿಟ್ಟಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಭಾರೀ ಎಂಜಿನ್ನಿನ ಸದ್ದು ಕೇಳಿಸಿತು. ಇನ್ನೊಂದು ಕ್ರೇನು ಗೇಟಿನೊಳಗೆ ನುಗ್ಗಿತು. ಕೊಕ್ಕೆಯಲ್ಲಿ ಕಬ್ಬಿಣದ ತೊಲೆಯೊಂದು ನೇತಾಡುತ್ತಿತ್ತು. ತಂತಿಗೆ ಒರಗಿದ ಬೂಮನ್ನು ಹಿಡಿದು ಬಿಡಿಸಲು ಬಂದದ್ದು. ಎರಡು ದಿನದಿಂದ ಅರ್ಧ ಊರಿಗೆ ಕರೆಂಟಿಲ್ಲ, ಬೇಗ ಬಿಡಿಸಿ ಎಂದು ವಿದ್ಯುತ್ ಕಚೇರಿಯವರು ಪ್ರಾಣ ತಿನ್ನುತ್ತಿದ್ದರು.

"ಇದಕ್ಕೆ ಸನ್ನೆ ಕೊಡೋರು ಬೇಕಲ್ಲ ಮೇಡಂ?" ಎಂದ ಸಬ್-ಇನ್ಸ್‌ಪೆಕ್ಟರ್.

"ಕೆಲಸ ಗೊತ್ತಿರೋರು ಯಾರಾದ್ರೂ ನಿಲ್ಲಲಿ. ಜಾಕೆಟ್ ಹಾಕ್ಕೊಂಡೇ ನಿಲ್ಲಲಿ," ಎಂದು ಹೇಳಿ ಮೀಟರಮ್ಮ ಶೆಡ್ಡಿನ ಕಡೆ ದಾಪುಗಾಲು ಹಾಕಿದಳು. ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ಹಾಗಾದರೆ ಕ್ರೇನಿನ ಹತ್ತಿರ ಬಿದ್ದಿದ್ದ ಇನ್ನೊಂದು ಜಾಕೆಟ್ಟು ಯಾರದು? ಆ ಅವಸರದಲ್ಲಿ, ಆ ಇಸ್ತ್ರಿ ಮಾಡಿದ ಜಾಕೆಟ್ಟನ್ನು ಅಕ್ಕನ ಕೈಯಿಂದ ತೆಗೆದುಕೊಂಡು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡಿದವಳಿಗೆ ಹೊಳೆಯಬೇಕಿತ್ತು.

ತಗಡಿನ ಶೆಡ್ಡಿನೊಳಗೆ ಬೇಯುವ ಸೆಕೆ. ಆಪರೇಟರ್ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದ. ಬಾಗಿಲಲ್ಲಿ ಕಾನ್ಸ್‌ಟೇಬಲ್.

"ನಿನ್ನ ಭಾವ ಕ್ರೇನ್ ಮುಟ್ಲಿಲ್ಲ ಕಣಪ್ಪ," ಎಂದಳು ಅವಳು ಬಂದವಳೇ. "ನಿನ್ನ ಬೂಮು ತಂತಿಗೆ ತಗುಲಿದಾಗ ಅವನು ಹಿಂದ್ಗಡೆ ಗೇಟಿನ ಆಚೆ ಇದ್ದ. ನಿನ್ನ ಅಕ್ಕನ ದಾರಿ ಕಾಯ್ತಾ ಇದ್ದ. ಎಂಜಿನ್ ಸದ್ದು ಕೇಳಿ ಒಳಗೆ ಬರೋಕೆ ಗೇಟು ಹಿಡಿದ."

ಎರಡು ದಿನದಲ್ಲಿ ಮೊದಲ ಬಾರಿಗೆ ಆಪರೇಟರ್ ತಲೆಯೆತ್ತಿದ.

"ಸುಳ್ಳು ಹೇಳ್ಬೇಡಿ ಮೇಡಂ. ನನ್ನ ಎದುರಿಗೇ ಇದ್ದ."

"ಯಾರು?"

"ಅವನೇ."

"ಎದುರಿಗೆ ನಿಂತು ಏನು ಸನ್ನೆ ಕೊಟ್ಟ?"

ಅವನು ಮತ್ತೆ ನೆಲ ನೋಡತೊಡಗಿದ. ಕಣ್ಣು ತುಂಬಿತ್ತು. ಮೀಟರಮ್ಮ ಇನ್ನೊಂದು ಸ್ಟೂಲು ಎಳೆದುಕೊಂಡು, ಮಂಡಿ ಹಿಡಿದುಕೊಂಡು ಅವನೆದುರು ಕೂತಳು. ಗದರಿಸಲಿಲ್ಲ. ಹಟಮಾರಿ ಮಕ್ಕಳನ್ನು ಸಾಕಿದವಳು ಅವಳು.

"ನೋಡಪ್ಪಾ, ನಿನ್ನ ಅಕ್ಕ ಅಲ್ಲಿ ಬಿಸಿಲಲ್ಲಿ ಒಂದು ಜಾಕೆಟ್ ಹಿಡ್ಕೊಂಡು ನಿಂತಿದ್ದಾಳೆ. ನೀನು ಬಾಯಿ ಬಿಡದಿದ್ರೆ ಆಕೆ ಪಾಲಿಗೆ ನೀನೇ ಕೊಲೆಗಾರ. ಅದಾಗ್ಬಹುದಾ ನಿಂಗೆ?"

"ಬಾಯಿ ಬಿಟ್ರೆ ಇನ್ನೂ ಕೆಟ್ಟದ್ದಾಗುತ್ತೆ ಮೇಡಂ!" ಅವನ ದನಿ ಒಡೆಯಿತು. "ಬೂಮ್ ಮೇಲೆ ಅಂದ, ಎತ್ತಿದೆ. ಇನ್ನೂ ಮೇಲೆ ಅಂದ. ತಂತಿ ಕಡೆಯಿಂದ ಬಿಸಿಲು ಕಣ್ಣಿಗೆ ಹೊಡೀತಿತ್ತು, ನನಗೆ ತಂತಿ ಕಾಣಿಸ್ತಿರ್ಲಿಲ್ಲ. ಅದನ್ನ ನೋಡೋದು ಕೆಳಗಿರೋನ ಕೆಲಸ. ಎತ್ತಿದೆ. ತಗುಲ್ತು. ಕಿಡಿ ಹಾರ್ತು. ಆಮೇಲೆ..."

"ಆಮೇಲೆ?"

"ಆಮೇಲೆ ಅವನು ಅಲ್ಲೇ ದೂರ ನಿಂತ್ಕೊಂಡು, ಎರಡೂ ಕೈ ಬೀಸಿ, ಇಳಿದು ಬಾ ಅಂದ."

ಕರೆಂಟು ಹರಿಯುವ ಕ್ರೇನಿನೊಳಗೆ ಸುಮ್ಮನೆ ಕೂತಿದ್ದವನಿಗೆ ಏನೂ ಆಗುವುದಿಲ್ಲ. ಒಂದು ಕೈ ಕ್ರೇನಿನ ಮೇಲಿದ್ದು ಒಂದು ಕಾಲು ನೆಲಕ್ಕೆ ತಾಗಿತೋ, ಅವನ ಕಥೆ ಅಲ್ಲಿಗೆ ಮುಗಿಯಿತು. ಇದು ಕ್ರೇನಿನ ಕೆಲಸ ಮಾಡುವ ಪ್ರತಿಯೊಬ್ಬರೂ ಮೊದಲ ದಿನ ಕಲಿಯುವ ಪಾಠ.

"ನೀನು ಯಾಕೆ ಇಳೀಲಿಲ್ಲ?"

"ಹಟಕ್ಕೆ," ಎಂದ ಆಪರೇಟರ್. "ಬಾಗಿಲು ತೆಗ್ದಿದ್ದೆ ಮೇಡಂ. ಒಂದು ಕಾಲೂ ಆಚೆ ಇಟ್ಟಿದ್ದೆ. ಇವನ್ಯಾರು ನನಗೆ ಹೇಳೋಕೆ, ಇವನ ಮಾತು ನಾನ್ಯಾಕೆ ಕೇಳ್ಬೇಕು ಅಂತ ಸಿಟ್ಟು ಬಂತು. ಒಳಗೆ ಕೂತೆ. ಕೂತ್ಮೇಲೆ ನೆನಪಾಯ್ತು. ಲೈನ್ ತಗುಲಿದಾಗ ಏನೇ ಆದ್ರೂ ಇಳೀಬೇಡ ಕಣೋ ಅಂತ ನನಗೆ ಕಲಿಸಿದ್ದೇ ಭಾವ. ಅಂಥವನು ಇಳಿ ಅಂತಾನೆ ಅಂದ್ರೆ..." ಅವನು ಮುಖ ಮುಚ್ಚಿಕೊಂಡ. "ನಾನು ಸಾಯ್ಲಿ ಅಂತ ಬೇಕಂತ್ಲೇ ಮಾಡ್ದ. ನಿನ್ನ ಗಂಡ ನನ್ನನ್ನ ಕೊಲ್ಲೋಕೆ ಬಂದಿದ್ದ ಅಂತ ಅಕ್ಕನ ಹತ್ರ ಹೇಗೆ ಹೇಳ್ಲಿ? ಅದಕ್ಕಿಂತ ನಾನೇ ಕೊಂದೆ ಅನ್ಕೊಂಡ್ರೆ ಅನ್ಕೊಳ್ಲಿ. ನನ್ನನ್ನ ದ್ವೇಷಿಸ್ಲಿ, ಸತ್ತವನ್ನ ಬೇಡ."

ಬಾಗಿಲಲ್ಲಿದ್ದ ಕಾನ್ಸ್‌ಟೇಬಲ್ ಮುಖ ಆಚೆ ತಿರುಗಿಸಿಕೊಂಡ. ಮೀಟರಮ್ಮನಿಗೆ ಈ ಹುಚ್ಚನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

"ಮುಖ ನೋಡಿದ್ಯಾ?"

"ಹಾಂ?"

"ಸನ್ನೆ ಕೊಟ್ಟವನ ಮುಖ. ನೋಡಿದ್ಯಾ?"

ಆಪರೇಟರ್ ತಲೆ ಅಲ್ಲಾಡಿಸಿದ.

"ಇಲ್ಲ. ಬೇಸಿಗೆಯಿಂದ ನೋಡಿಲ್ಲ ಮೇಡಂ. ಅವನ ಮುಖ ನೋಡಲ್ಲ ಅಂತ ಹಟ ಹಿಡಿದಿದ್ದೆ. ಹೆಲ್ಮೆಟ್ಟು, ಜಾಕೆಟ್ಟು, ಕೈ. ಅಷ್ಟೇ ನೋಡೋದು."

"ಭಾವ ಅವತ್ತು ಜಾಕೆಟ್ಟೇ ಹಾಕಿರ್ಲಿಲ್ಲ. ಅದು ನಿನ್ನ ಅಕ್ಕನ ಕೈಲಿತ್ತು. ಅವನು ಗೇಟಿನಾಚೆ ಇದ್ದ. ನಿನ್ನನ್ನ ಇಳಿ ಅಂದವನು ನಿನ್ನ ಭಾವ ಅಲ್ಲ."

ಆಪರೇಟರ್ ಅವಳನ್ನೇ ನೋಡಿದ. ಮಾತು ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಎರಡು ದಿನದಿಂದ ತಡೆದಿದ್ದ ಅಳುವನ್ನೆಲ್ಲ ಒಮ್ಮೆಗೇ ಬಿಟ್ಟ. ಭಾವಾ, ಭಾವಾ ಎಂದು ಮಗುವಿನಂತೆ ಅತ್ತ. ಮಾತು ಬಿಟ್ಟಿದ್ದ ಅಷ್ಟೂ ದಿನಗಳ ಕೂಗು ಅದರಲ್ಲಿತ್ತು.

ಹೊರಗೆ ಎರಡನೆಯ ಕ್ರೇನಿನ ಎಂಜಿನ್ ಗುಡುಗತೊಡಗಿತು.

"ಅಳು ಆಮೇಲೆ," ಎಂದಳು ಮೀಟರಮ್ಮ, ತನ್ನ ಕಣ್ಣನ್ನೂ ಒರೆಸಿಕೊಂಡು. "ಮೊನ್ನೆ ಯಾರೋ ಕೊಲ್ಲೋಕೆ ಹೊರಟಿದ್ದು ನಿಜ. ಆದ್ರೆ ಸತ್ತವನನ್ನಲ್ಲ, ನಿನ್ನನ್ನ. ಭಾವ ನಡುವೆ ಸಿಕ್ಕಿಬಿದ್ದ. ಮುಖ ನೋಡಿಲ್ಲ ಅಂದೆ, ಸರಿ. ಕೈ ನೋಡಿದ್ದೀಯಲ್ಲ. ನೆನಪು ಮಾಡ್ಕೋ. ಬೂಮ್ ಮೇಲೆ ಅಂದಾಗ ಹೇಗಿತ್ತು?"

ಆಪರೇಟರ್ ಬಲಗೈ ಚಾಚಿ, ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲೆತ್ತಿದ. ಬೂಮು ಎತ್ತು ಎನ್ನುವ ಸನ್ನೆ. ತಟಕ್ಕನೆ ನಿಲ್ಲಿಸಿ, ಹುಬ್ಬು ಗಂಟಿಕ್ಕಿದ.

"ಒಂದು ವಿಚಿತ್ರ ಇತ್ತು ಮೇಡಂ. ಭಾವನ ಮುಷ್ಟಿ ಕಲ್ಲಿನ ಥರ ಬಿಗಿ. ಅವತ್ತು ಹೆಬ್ಬೆರಳ ಜೊತೆ ಕಿರುಬೆರಳೂ ಆಚೆ ನಿಂತಿತ್ತು. ಕೈಗವಸಲ್ಲೂ ಎದ್ದು ಕಾಣ್ತಿತ್ತು. ನನ್ನನ್ನ ಅಣಕಿಸ್ತಿದ್ದಾನೆ ಅನ್ಕೊಂಡೆ."

ಅವನು ಕಿರುಬೆರಳನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದ.

ಆಗಿನ ಟೀ ಲೋಟ ಮೀಟರಮ್ಮನ ಕಣ್ಣಮುಂದೆ ಬಂತು. ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಮಂಡಿನೋವು ಮರೆತು ಕಿಟಕಿಯತ್ತ ಓಡಿದಳು. ಆಪರೇಟರ್ ಅವಳ ಹಿಂದೆಯೇ ಬಂದ.

ಹೊರಗೆ ಬಿಸಿಲಲ್ಲಿ, ಭಾವ ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಜೋಡಿ ನಿಂತಿದ್ದ. ಅಕ್ಕ ಅವನ ಪಕ್ಕದಲ್ಲಿ ನಿಂತು ಗಂಡನ ಜಾಕೆಟ್ಟಿನ ಪಟ್ಟಿಯನ್ನು ಅವನ ಸೊಂಟಕ್ಕೆ ಕಟ್ಟುತ್ತಿದ್ದಳು. ಜಾಕೆಟ್ ಇಲ್ಲದೆ ನಿಲ್ಲಂಗಿಲ್ಲ ಅಕ್ಕಾ ಎಂದು ಅವನೇ ಕೇಳಿರಬೇಕು. ಗಂಡ ಪಾಲಿಸುತ್ತಿದ್ದ ನಿಯಮ, ಅವಳು ಇಲ್ಲ ಎನ್ನಲಾರಳು. ಕಟ್ಟಿ ಮುಗಿಸಿ, ಮಡಿಕೆ ಸರಿಮಾಡಿ, ಕಣ್ಣೊರೆಸಿಕೊಂಡು ದೂರ ಸರಿದಳು.

ಜೋಡಿ ಬಲಗೈ ಚಾಚಿ ಹೆಬ್ಬೆರಳು ಎತ್ತಿದ. ಎರಡನೆಯ ಕ್ರೇನಿನ ಬೂಮು, ಕೊಕ್ಕೆಯ ಕಬ್ಬಿಣದ ತೊಲೆಯ ಸಮೇತ ನಿಧಾನವಾಗಿ ಮೇಲೇಳತೊಡಗಿತು. ಅವನ ಕಿರುಬೆರಳು ನೆಟ್ಟಗೆ ಆಚೆ ನಿಂತಿತ್ತು.

"ಅದೇ," ಎಂದ ಆಪರೇಟರ್. ಅವನ ಉಸಿರು ಕಿಟಕಿಯ ಗಾಜಿಗೆ ಬಡಿಯಿತು. ಬೆರಳು ಚಾಚಿ ತೋರಿಸಿದ. "ಅದೇ ಕೈ ಮೇಡಂ. ಅದೇ."

ಜೋಡಿ ಆ ಗಳಿಗೆಯಲ್ಲೇ ಶೆಡ್ಡಿನ ಕಡೆ ತಿರುಗಿ ನೋಡಿದ. ಗಾಜಿನ ಹಿಂದೆ ಎರಡು ಮುಖ, ತನ್ನತ್ತ ಚಾಚಿದ ಒಂದು ಬೆರಳು. ಅವನು ಕದಲಲಿಲ್ಲ. ಮೇಲೆತ್ತಿದ ಹೆಬ್ಬೆರಳನ್ನು ಮಡಚಿ, ತೋಳನ್ನು ನಿಧಾನವಾಗಿ ಪಕ್ಕಕ್ಕೆ, ಶೆಡ್ಡಿನತ್ತ ಚಾಚಿದ. ಅತ್ತ ತಿರುಗಿಸು ಎನ್ನುವ ಸನ್ನೆ.

ಹೊಸ ಕ್ರೇನಿನ ಆಪರೇಟರ್ ಕೆಳಗಿದ್ದವನ ಕೈಯನ್ನು ಮಾತ್ರ ನೋಡುತ್ತಿದ್ದ. ಬೂಮು ತಿರುಗಿತು. ಕಬ್ಬಿಣದ ತೊಲೆಯ ನೆರಳು ಅಂಗಳ ದಾಟಿ ಬಂದು ಕಿಟಕಿಯ ಗಾಜನ್ನು ಮುಚ್ಚಿತು, ಆಮೇಲೆ ಅವರ ತಲೆಯ ಮೇಲಿನ ತಗಡಿನ ಮಾಡಿನ ಮೇಲೆ ನಿಂತಿತು.

ಭಾರ ಇಳಿಸು ಎನ್ನುವ ಸನ್ನೆಗೆ ಜೋಡಿಯ ಕೈ ಮೆಲ್ಲಗೆ ಕೆಳಗಿಳಿಯತೊಡಗಿತು.